ಕೇಕ್ ಮಾರಿ ಚಳವಳಿಯ ಕಾರಿಗೆ ಪೆಟ್ರೋಲ್ ಹಾಕಿಸಿದವರು

ಜೂನ್ 19 ಬಂತೆಂದರೆ ಬೆಂಗಳೂರಿನ ಎಷ್ಟೋ ಆಫೀಸುಗಳಲ್ಲಿ ಸಂಜೆಯ ಮೀಟಿಂಗ್ ಇರುವುದಿಲ್ಲ. ಅಮೆರಿಕದ ಟೀಮಿಗೆ ಅಂದು ರಜೆ. ಆ ದಿನದ ಹೆಸರು ಜೂನ್‌ಟೀನ್ತ್. 2021ರಿಂದ ಅದು ಅಲ್ಲಿನ ರಾಷ್ಟ್ರೀಯ ರಜೆ. ಆ ವಾರ ಅಲ್ಲಿನ ಬೇಕರಿಗೋ ರೆಸ್ಟೋರೆಂಟಿಗೋ ಹೋದ ನಮ್ಮವರಿಗೆ ಕೌಂಟರಿನ ಮೇಲೆ ಒಂದು ಚೀಟಿ ಕಾಣಿಸಬಹುದು. ಈ ತಿಂಡಿ ಮಾರಿ ಬಂದ ಹಣ ಜನಾಂಗೀಯ ನ್ಯಾಯಕ್ಕಾಗಿ ದುಡಿಯುವ ಸಂಸ್ಥೆಗೆ ಹೋಗುತ್ತದೆ ಅಂತ ಅದರಲ್ಲಿ ಬರೆದಿರುತ್ತದೆ.

ಕೇಕಿಗೂ ನ್ಯಾಯಕ್ಕೂ ಎಲ್ಲಿಯ ನಂಟು ಅನ್ನಿಸುವುದು ಸಹಜ. ಆದರೆ ಇದು ನಿನ್ನೆ ಮೊನ್ನೆ ಶುರುವಾದ ರೂಢಿಯಲ್ಲ. ಅಮೆರಿಕದ ಅಡುಗೆಯವರು, ಬಡಿಸುವವರು, ಹೋಟೆಲ್ ನಡೆಸುವವರು ಎಪ್ಪತ್ತು ವರ್ಷಗಳ ಹಿಂದೆಯೇ ಒಂದು ದೊಡ್ಡ ಚಳವಳಿಯ ಖರ್ಚು ಹೊತ್ತಿದ್ದರು. ಅದು ಹೇಗೆ ನಡೆಯಿತು, ಅಡುಗೆಮನೆಯೇ ಯಾಕೆ ಬೇಕಾಯಿತು ಅನ್ನುವುದನ್ನು ಬುಡದಿಂದ ನೋಡೋಣ.

ಮೊದಲು ಹಿನ್ನೆಲೆ

ಆಫ್ರಿಕಾದಿಂದ ಹಿಡಿದು ತಂದ ಜನರನ್ನೂ ಅವರ ಮಕ್ಕಳು ಮೊಮ್ಮಕ್ಕಳನ್ನೂ ಅಮೆರಿಕದಲ್ಲಿ ಗುಲಾಮರನ್ನಾಗಿ ಇಟ್ಟುಕೊಳ್ಳಲಾಗಿತ್ತು. ಗುಲಾಮಗಿರಿ ಮುಗಿಯಿತು ಅನ್ನುವ ಆಜ್ಞೆ ಟೆಕ್ಸಾಸ್ ರಾಜ್ಯದ ಗ್ಯಾಲ್ವೆಸ್ಟನ್ ಊರಿಗೆ ತಲುಪಿದ್ದು 1865ರ ಜೂನ್ 19ರಂದು. ಜೂನ್‌ಟೀನ್ತ್ ಆ ದಿನದ ನೆನಪು.

ಬಿಡುಗಡೆಯೇನೋ ಆಯಿತು, ಸಮಾನತೆ ಬರಲಿಲ್ಲ. ದಕ್ಷಿಣದ ರಾಜ್ಯಗಳು ಕಪ್ಪು ಜನರನ್ನು ಬಿಳಿಯರಿಂದ ಬೇರೆ ಇಡುವ ಕಾನೂನುಗಳನ್ನು ಒಂದಾದ ಮೇಲೊಂದು ತಂದವು. ಬಸ್ಸಿನಲ್ಲಿ ಬೇರೆ ಸೀಟು, ಬೇರೆ ಶಾಲೆ, ಬೇರೆ ನಲ್ಲಿ, ಬೇರೆ ಪಾರ್ಕು. ಹೋಟೆಲುಗಳಲ್ಲಿ ಕಪ್ಪು ಜನ ಹಿಂಬಾಗಿಲಲ್ಲಿ ನಿಂತು ಪೊಟ್ಟಣ ಕಟ್ಟಿಸಿಕೊಂಡು ಹೋಗಬಹುದಿತ್ತು, ಒಳಗೆ ಕೂತು ತಿನ್ನುವಂತಿರಲಿಲ್ಲ. ನಮ್ಮ ಹಳ್ಳಿ ಹೋಟೆಲುಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದ ಪದ್ಧತಿ ಗೊತ್ತಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜಾತಿ ಬೇರೆ, ಜನಾಂಗ ಬೇರೆ. ಆದರೆ ಒಟ್ಟಿಗೆ ಕೂತು ಉಣ್ಣಬಾರದು ಅನ್ನುವ ಕಟ್ಟಳೆ ಎರಡು ಕಡೆಯೂ ಒಂದೇ ಕೆಲಸ ಮಾಡಿತು.

ಚರ್ಮದ ಬಣ್ಣ ನೋಡಿ ಹಕ್ಕು, ಕೆಲಸ, ಸುರಕ್ಷತೆ ಹಂಚುವ ವ್ಯವಸ್ಥೆಯನ್ನು ಸರಿಪಡಿಸುವ ಪ್ರಯತ್ನಕ್ಕೆ ಜನಾಂಗೀಯ ನ್ಯಾಯ ಅನ್ನುತ್ತಾರೆ. ಕಾನೂನು ಬದಲಾಯಿಸುವುದು, ಪೊಲೀಸ್ ದೌರ್ಜನ್ಯ ಪ್ರಶ್ನಿಸುವುದು, ಸಮಾನ ಕೂಲಿ ಕೇಳುವುದು ಎಲ್ಲವೂ ಅದರೊಳಗೆ ಬರುತ್ತವೆ.

ಬೇಯಿಸಬಹುದು, ಕೂತು ತಿನ್ನುವಂತಿಲ್ಲ

ಬಿಳಿಯರ ಹೋಟೆಲುಗಳಲ್ಲಿ ಅಡುಗೆ ಮಾಡುತ್ತಿದ್ದವರು, ಪಾತ್ರೆ ತೊಳೆಯುತ್ತಿದ್ದವರು ಹೆಚ್ಚಾಗಿ ಕಪ್ಪು ಜನರೇ. ಬಿಳಿಯರ ಮನೆಗಳ ಅಡುಗೆಯವರೂ ಅವರೇ. ಗುಲಾಮಗಿರಿ ಹೋದ ಮೇಲೆ ಅವರ ಪಾಲಿಗೆ ತೆರೆದಿದ್ದ ಕೆಲಸಗಳು ಕಡಿಮೆ, ಅವುಗಳಲ್ಲಿ ದೊಡ್ಡ ಪಾಲು ಇಂಥ ಸೇವೆಯ ಕೆಲಸ.

ರೈಲಿನ ಉದಾಹರಣೆ ನೋಡಿ. ಪುಲ್ಮನ್ ಅನ್ನುವ ಕಂಪನಿ ರಾತ್ರಿ ಪ್ರಯಾಣಕ್ಕೆ ಮಲಗುವ ಬೋಗಿಗಳನ್ನು ಓಡಿಸುತ್ತಿತ್ತು. ಹಾಸಿಗೆ ಹಾಸಲು, ಶೂ ಒರೆಸಲು, ಕರೆದಾಗ ಓಡಿ ಬರಲು ಅದು ಕಪ್ಪು ಗಂಡಸರನ್ನೇ ಇಟ್ಟುಕೊಂಡಿತು. ಸಂಬಳ ತೀರಾ ಕಡಿಮೆ, ಉಳಿದದ್ದು ಪ್ರಯಾಣಿಕರು ಕೊಡುವ ಟಿಪ್ಸಿನಿಂದ. ಎಷ್ಟೋ ಪ್ರಯಾಣಿಕರು ಅವರ ಹೆಸರು ಕೇಳುವ ಗೋಜಿಗೂ ಹೋಗುತ್ತಿರಲಿಲ್ಲ. ಎಲ್ಲರನ್ನೂ ಕಂಪನಿಯ ಮಾಲೀಕನ ಹೆಸರಿನಿಂದ 'ಜಾರ್ಜ್' ಅಂತಲೇ ಕರೆಯುತ್ತಿದ್ದರು. ಈ ಕೆಲಸಗಾರರು 1925ರಲ್ಲಿ ಎ. ಫಿಲಿಪ್ ರಾಂಡಾಲ್ಫ್ ಅವರ ಮುಂದಾಳತ್ವದಲ್ಲಿ ತಮ್ಮದೇ ಸಂಘ ಕಟ್ಟಿದರು. ಹನ್ನೆರಡು ವರ್ಷ ಪಟ್ಟು ಬಿಡದೆ 1937ರಲ್ಲಿ ಕಂಪನಿಯಿಂದ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು.

ಆ ಸಂಘದಲ್ಲಿ ಪಳಗಿದ ಒಬ್ಬರು ಇ. ಡಿ. ನಿಕ್ಸನ್. ಊರು ಅಲಬಾಮಾ ರಾಜ್ಯದ ಮಾಂಟ್ಗೊಮೆರಿ. ಬಸ್ಸಿನಲ್ಲಿ ಬಿಳಿಯರಿಗೆ ಸೀಟು ಬಿಟ್ಟುಕೊಡಲು ಒಪ್ಪದ ರೋಸಾ ಪಾರ್ಕ್ಸ್ ಅವರನ್ನು 1955ರ ಡಿಸೆಂಬರ್ 1ರಂದು ಪೊಲೀಸರು ಬಂಧಿಸಿದಾಗ, ಜಾಮೀನು ಕೊಟ್ಟು ಬಿಡಿಸಲು ಹೋದವರು ಇದೇ ನಿಕ್ಸನ್. ಊರಿನವರು ಬಸ್ ಹತ್ತುವುದನ್ನೇ ನಿಲ್ಲಿಸಬೇಕು ಅಂತ ಹೊರಟವರಲ್ಲಿ ಅವರೂ ಮುಂದಿದ್ದರು.

ಬಸ್ ಬಿಟ್ಟರೆ ಖರ್ಚು ಯಾಕೆ?

ಬಸ್ ಹತ್ತದಿರಲು ದುಡ್ಡೇನು ಬೇಕು ಅಂತ ಕೇಳಬಹುದು. ತುಂಬಾ ಬೇಕಿತ್ತು.

ಮಾಂಟ್ಗೊಮೆರಿಯ ಬಸ್ ಪ್ರಯಾಣಿಕರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಕಪ್ಪು ಜನ. ಬೆಳಗ್ಗೆ ಊರಿನ ಇನ್ನೊಂದು ತುದಿಗೆ ಹೋಗಿ ಬಿಳಿಯರ ಮನೆಯಲ್ಲಿ ಅಡುಗೆ ಮಾಡಿ, ಸಂಜೆ ವಾಪಸಾಗುವ ಹೆಂಗಸರು ಬಹಳ. ಡಿಸೆಂಬರ್ 5ರಿಂದ ಅವರು ಬಸ್ ಬಿಟ್ಟರು. ಅನೇಕರು ಮೈಲಿಗಟ್ಟಲೆ ನಡೆದರು. ಆದರೆ ಎಲ್ಲರೂ ದಿನಾ ನಡೆಯಲಾಗುವುದಿಲ್ಲ, ಅಲ್ವಾ? ಮೊದಲು ಕಪ್ಪು ಸಮುದಾಯದ ಟ್ಯಾಕ್ಸಿಯವರು ಬಸ್ ದರಕ್ಕೇ, ಅಂದರೆ ಹತ್ತು ಸೆಂಟಿಗೇ ಜನರನ್ನು ಕೂರಿಸಿಕೊಂಡರು. ನಗರಾಡಳಿತ ಅದಕ್ಕೆ ಅಡ್ಡ ಬಂತು. ಕನಿಷ್ಠ ದರ ವಸೂಲಿ ಮಾಡದ ಟ್ಯಾಕ್ಸಿಗೆ ದಂಡ ಅಂದಿತು.

ಆಗ ಚಳವಳಿಗಾರರು ತಮ್ಮದೇ ಕಾರುಗಳ ವ್ಯವಸ್ಥೆ ಮಾಡಿಕೊಂಡರು. ಸುಮಾರು 300 ಕಾರುಗಳು ಗೊತ್ತಾದ ನಿಲ್ದಾಣಗಳಿಂದ ಗೊತ್ತಾದ ಹೊತ್ತಿಗೆ ಹೊರಡುತ್ತಿದ್ದವು. ಚರ್ಚುಗಳ ಹೆಸರಿನಲ್ಲಿ ದೊಡ್ಡ ವ್ಯಾನಿನಂಥ ಗಾಡಿಗಳನ್ನು ಕೊಂಡರು. ಪೆಟ್ರೋಲು, ಟೈರು, ರಿಪೇರಿ, ಚಾಲಕರಿಗೆ ಒಂದಿಷ್ಟು ಕೈಕಾಸು. ಸಾಲದ್ದಕ್ಕೆ ವಿಮೆ ಕಂಪನಿಗಳು ಈ ಗಾಡಿಗಳ ವಿಮೆ ರದ್ದು ಮಾಡಿದವು, ಕೊನೆಗೆ ಲಂಡನ್ನಿನ ಲಾಯ್ಡ್ಸ್‌ನಿಂದ ವಿಮೆ ತರಬೇಕಾಯಿತು. ಇದೆಲ್ಲ ಒಂದು ವಾರ, ಎರಡು ವಾರದ ಮಾತಲ್ಲ. ಬಹಿಷ್ಕಾರ ನಡೆದದ್ದು 381 ದಿನ.

ಹೊರ ಊರುಗಳಿಂದಲೂ ದೇಣಿಗೆ ಬರುತ್ತಿತ್ತು. ಆದರೆ ವಾರ ವಾರ ತಪ್ಪದೆ ಊರಿನೊಳಗಿಂದಲೇ ದುಡ್ಡು ಬರಬೇಕಿತ್ತು. ಅದನ್ನು ತಂದವರಲ್ಲಿ ಒಬ್ಬರು ಹೋಟೆಲ್ ಅಡುಗೆಯವರಾದ ಜಾರ್ಜಿಯಾ ಗಿಲ್ಮೋರ್.

ಲೆಕ್ಕದಲ್ಲಿ ಹೆಸರಿಲ್ಲದ ಕ್ಲಬ್

ಗಿಲ್ಮೋರ್ 1920ರಲ್ಲಿ ಹುಟ್ಟಿದವರು. ನ್ಯಾಷನಲ್ ಲಂಚ್ ಕಂಪನಿ ಅನ್ನುವ ಊಟದ ಹೋಟೆಲಿನಲ್ಲಿ ಅಡುಗೆ ಮಾಡುತ್ತಿದ್ದರು, ಸೂಲಗಿತ್ತಿಯ ಕೆಲಸವೂ ಗೊತ್ತಿತ್ತು. ಪಾರ್ಕ್ಸ್ ಅವರ ಬಂಧನಕ್ಕೂ ಮೊದಲೇ, 1955ರ ಅಕ್ಟೋಬರಿನಲ್ಲೇ ಅವರು ಬಸ್ ಹತ್ತುವುದನ್ನು ಬಿಟ್ಟಿದ್ದರು. ಒಂದು ದಿನ ಮುಂದಿನ ಬಾಗಿಲಲ್ಲಿ ಹತ್ತಿ ದುಡ್ಡು ಹಾಕಿದರು. ಇಳಿದು ಹಿಂದಿನ ಬಾಗಿಲಿಂದ ಹತ್ತು ಅಂತ ಚಾಲಕ ಗದರಿಸಿದ. ಇಳಿದು ಹಿಂದಕ್ಕೆ ಹೋಗುವಷ್ಟರಲ್ಲಿ ಬಸ್ ಹೊರಟೇ ಹೋಯಿತು.

ಬಹಿಷ್ಕಾರ ಶುರುವಾದಾಗ ಗಿಲ್ಮೋರ್ ಗೆಳತಿಯರಿಂದ 14 ಡಾಲರ್ ಕೂಡಿಸಿದರು. ಕೋಳಿ, ಬ್ರೆಡ್ಡು, ಸೊಪ್ಪು ತಂದರು. ಕೋಳಿ ಹುರಿದು ಸ್ಯಾಂಡ್‌ವಿಚ್ ಮಾಡಿ ಚಳವಳಿಯ ಸಭೆಗಳಲ್ಲಿ ಮಾರಿದರು. ಬಂದ ಹಣದಿಂದ ಮತ್ತೆ ಸಾಮಾನು ತಂದರು. ಹೀಗೆ ಅಡುಗೆ ಬಲ್ಲ ಹೆಂಗಸರ ಒಂದು ಗುಂಪು ಬೆಳೆಯಿತು. ಅವರು ತಮ್ಮ ತಮ್ಮ ಮನೆಯಲ್ಲೇ ಪೌಂಡ್ ಕೇಕ್, ಸಿಹಿಗೆಣಸಿನ ಪೈ, ಹುರಿದ ಮೀನು ಮಾಡುತ್ತಿದ್ದರು. ಬ್ಯೂಟಿ ಪಾರ್ಲರುಗಳಲ್ಲಿ, ಟ್ಯಾಕ್ಸಿ ನಿಲ್ದಾಣಗಳಲ್ಲಿ, ಮನೆ ಬಾಗಿಲುಗಳಲ್ಲಿ ಮಾರುತ್ತಿದ್ದರು.

ಇಲ್ಲಿ ಎರಡು ವಿಷಯ ಗಮನಿಸಬೇಕು. ಒಂದು, ಪೌಂಡ್ ಕೇಕಿಗೆ ಬೇಕಾದ್ದು ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ, ಎಲ್ಲವೂ ಸಮಸಮ ತೂಕ. ಸಾಮಾನು ಯಾವ ಅಂಗಡಿಯಲ್ಲೂ ಸಿಗುತ್ತದೆ. ಫ್ರಿಜ್ ಇಲ್ಲದೆಯೂ ಕೇಕ್ ಕೆಲವು ದಿನ ಕೆಡುವುದಿಲ್ಲ. ಹೋಳು ಮಾಡಿಯೂ ಮಾರಬಹುದು. ಮನೆ ಒಲೆ ನಂಬಿಕೊಂಡು ವ್ಯಾಪಾರಕ್ಕೆ ಇಳಿಯುವವರಿಗೆ ಇದಕ್ಕಿಂತ ಅನುಕೂಲದ ತಿಂಡಿ ಸಿಗುವುದು ಕಷ್ಟ. ಇನ್ನೊಂದು, ಕಪ್ಪು ಹೆಂಗಸರ ಬ್ಯೂಟಿ ಪಾರ್ಲರುಗಳ ಮಾಲೀಕರೂ ಗಿರಾಕಿಗಳೂ ಕಪ್ಪು ಸಮುದಾಯದವರೇ. ಅಲ್ಲಿ ಕೆಲಸದಿಂದ ಕಿತ್ತುಹಾಕಲು ಬಿಳಿ ಧಣಿ ಇರಲಿಲ್ಲ. ಹಾಗಾಗಿ ಮಾತೂ ನಡೆಯುತ್ತಿತ್ತು, ಮಾರಾಟವೂ ನಡೆಯುತ್ತಿತ್ತು.

ಕಿತ್ತುಹಾಕುವ ಭಯ ನಿಜವಾದದ್ದು. ಕೇಕ್ ಮಾಡುತ್ತಿದ್ದ ಹೆಂಗಸರಲ್ಲಿ ಹಲವರು ಹಗಲು ಹೊತ್ತು ಬಿಳಿಯರ ಮನೆಯಲ್ಲೇ ದುಡಿಯುವವರು. ಚಳವಳಿಗೆ ದುಡ್ಡು ಕೊಡುತ್ತಾರೆ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ, ಬಾಡಿಗೆ ಮನೆಯೂ ಹೋಗಬಹುದು. ಅದಕ್ಕೇ ಈ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಅಂತ ಹೆಸರಿಟ್ಟರು. ಹಣ ಎಲ್ಲಿಂದ ಬಂತು ಅಂತ ಯಾರಾದರೂ ಕೇಳಿದರೆ ಎಲ್ಲಿಂದಲೂ ಇಲ್ಲ ಅನ್ನುವುದೇ ಉತ್ತರ. ಯಾರು ಮಾಡಿದ್ದು, ಯಾರು ಕೊಂಡದ್ದು ಅನ್ನುವುದು ಗಿಲ್ಮೋರ್ ಒಬ್ಬರಿಗೇ ಗೊತ್ತು. ಇದರಿಂದ ಇನ್ನೊಂದು ಲಾಭವೂ ಆಯಿತು. ಚಳವಳಿಯ ಬಗ್ಗೆ ಅನುಕಂಪ ಇದ್ದ ಕೆಲವು ಬಿಳಿಯರೂ ಹೆಸರು ಬಯಲಾಗುವ ಹೆದರಿಕೆ ಇಲ್ಲದೆ ಕೇಕ್ ಕೊಂಡರು.

ಚರ್ಚಿನಲ್ಲಿ ಸಭೆ ಸೇರಿದಾಗ ಗಿಲ್ಮೋರ್ ಎದ್ದು ಹೋಗಿ ಆ ವಾರದ ಹಣ ಒಪ್ಪಿಸಿ, ಮೊತ್ತ ಹೇಳುತ್ತಿದ್ದರು. ಜನ ಚಪ್ಪಾಳೆ ತಟ್ಟುತ್ತಿದ್ದರು. ಊರಿನ ಇನ್ನೊಂದು ಭಾಗದಲ್ಲಿ ಐನೆಜ್ ರಿಕ್ಸ್ ಅನ್ನುವವರು 'ಫ್ರೆಂಡ್ಲಿ ಕ್ಲಬ್' ಶುರು ಮಾಡಿದರು. ಯಾರು ಜಾಸ್ತಿ ತರುತ್ತಾರೆ ಅಂತ ಎರಡು ಗುಂಪಿಗೂ ಪೈಪೋಟಿ. ದುಡ್ಡು ಪೆಟ್ರೋಲಿಗೆ ಹೋಯಿತು, ಕಾರುಗಳು ಓಡಿದವು.

1956ರ ಮಾರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮೇಲೆ ಬಹಿಷ್ಕಾರ ನಡೆಸಿದ್ದಕ್ಕಾಗಿ ಮೊಕದ್ದಮೆ ನಡೆಯಿತು. ಗಿಲ್ಮೋರ್ ಸಾಕ್ಷಿ ಕಟ್ಟೆ ಹತ್ತಿ, ಬಸ್ ಚಾಲಕ ನಡೆಸಿಕೊಂಡ ರೀತಿಯನ್ನು ಇದ್ದದ್ದು ಇದ್ದ ಹಾಗೆ ಹೇಳಿದರು. ಹೋಟೆಲಿನ ಕೆಲಸ ಹೋಯಿತು. ಉಳಿದ ಹೆಂಗಸರು ಹೆಸರು ಮುಚ್ಚಿಟ್ಟದ್ದು ಯಾಕೆ ಅನ್ನುವುದಕ್ಕೆ ಇದೇ ಸಾಕ್ಷಿ. ನೀವೇ ಮನೆಯಲ್ಲಿ ಊಟ ಹಾಕಿ ಅಂತ ಕಿಂಗ್ ಹುರಿದುಂಬಿಸಿದರು, ಪಾತ್ರೆ ಪರಡಿ ಕೊಳ್ಳಲು ನೆರವಾದರು. ಗಿಲ್ಮೋರ್ ಅವರ ಊಟದ ಕೋಣೆಯಲ್ಲಿ ಎಲ್ಲರಿಗೂ ಕುರ್ಚಿ ಸಾಲುತ್ತಿರಲಿಲ್ಲ, ಜನ ನಿಂತೇ ಉಣ್ಣುತ್ತಿದ್ದರು. ಕಿಂಗ್ ಗುಟ್ಟಾಗಿ ಮಾತಾಡಬೇಕಾದವರನ್ನು ಅಲ್ಲಿಗೇ ಕರೆತರುತ್ತಿದ್ದರು.

1956ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಬಸ್ಸಿನ ಪ್ರತ್ಯೇಕ ಸೀಟು ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು. ಡಿಸೆಂಬರಿನಲ್ಲಿ ಜನ ಮತ್ತೆ ಬಸ್ ಹತ್ತಿದರು.

ಊಟದ ಮೇಜು ಸಭೆಯ ಜಾಗವೂ ಆಯಿತು

ದುಡ್ಡು ಎತ್ತುವುದು ಒಂದು ದಾರಿ. ಜಾಗ ಕೊಡುವುದು ಇನ್ನೊಂದು. ಕಪ್ಪು ಜನ, ಬಿಳಿಯರು ಒಟ್ಟಿಗೆ ಕೂತು ಮಾತಾಡಲು ಜಾಗವೇ ಇರಲಿಲ್ಲ. ನ್ಯೂ ಆರ್ಲಿಯನ್ಸ್ ನಗರದಲ್ಲಿ ಲಿಯಾ ಚೇಸ್ ನಡೆಸುತ್ತಿದ್ದ ಡೂಕಿ ಚೇಸ್ ರೆಸ್ಟೋರೆಂಟಿನ ಮಹಡಿಯ ಕೋಣೆಯಲ್ಲಿ ಅಂಥ ಸಭೆಗಳು ನಡೆದವು. ಒಟ್ಟಿಗೆ ಉಣ್ಣುವುದು ಆಗ ಅಲ್ಲಿ ಕಾನೂನಿಗೆ ವಿರುದ್ಧ. ಚೇಸ್ ಮಾತ್ರ ಬಂದವರಿಗೆಲ್ಲ ಗಂಬೋ ಬಡಿಸಿದರು. ಗಂಬೋ ಅಂದರೆ ಸೀಗಡಿ, ಮಾಂಸ, ಕೆಲವೊಮ್ಮೆ ಬೆಂಡೆಕಾಯಿಯನ್ನೂ ಹಾಕಿ ಗಟ್ಟಿಯಾಗಿ ಕುದಿಸಿದ ಸಾರು, ಅನ್ನದ ಜೊತೆ ಬಡಿಸುತ್ತಾರೆ.

ಅಟ್ಲಾಂಟಾದಲ್ಲಿ ಜೇಮ್ಸ್ ಮತ್ತು ರಾಬರ್ಟ್ ಪ್ಯಾಸ್ಕಲ್ ಅನ್ನುವ ಅಣ್ಣತಮ್ಮಂದಿರ ಹೋಟೆಲಿತ್ತು. ಪ್ರತಿಭಟನೆಯಲ್ಲಿ ಬಂಧನವಾದ ವಿದ್ಯಾರ್ಥಿಗಳಿಗೆ ಅವರು ಜಾಮೀನು ಹಣ ಕಟ್ಟಿದರು, ಬಿಡುಗಡೆಯಾಗಿ ಬಂದವರಿಗೆ ಬಿಟ್ಟಿ ಊಟ ಹಾಕಿದರು. ಅಮೆರಿಕದಲ್ಲಿ ಜಾಮೀನಿಗೆ ಸಾಮಾನ್ಯವಾಗಿ ನಗದು ಇಡಬೇಕು. ಇಲ್ಲದವರು ವಿಚಾರಣೆಗೂ ಮೊದಲೇ ಜೈಲಲ್ಲಿ ಕೊಳೆಯುತ್ತಾರೆ. ಅದಕ್ಕಾಗಿ ಹೋರಾಟಗಳ ಕಾಲದಲ್ಲಿ 'ಜಾಮೀನು ನಿಧಿ' ಅನ್ನುವ ಹುಂಡಿ ತಪ್ಪದೆ ಹುಟ್ಟಿಕೊಳ್ಳುತ್ತದೆ. ಆರೋಪಿ ಕೋರ್ಟಿಗೆ ಹಾಜರಾದರೆ ಹಣ ವಾಪಸ್ ಬರುತ್ತದೆ, ಅದೇ ಹಣ ಇನ್ನೊಬ್ಬರನ್ನು ಬಿಡಿಸುತ್ತದೆ.

ಕಾನೂನು ಹೋಟೆಲಿನೊಳಗೆ ಬಂದದ್ದು ಹೇಗೆ

1960ರ ಫೆಬ್ರವರಿ 1ರಂದು ನಾರ್ತ್ ಕೆರೊಲಿನಾದ ಗ್ರೀನ್ಸ್‌ಬೊರೊದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಅಂಗಡಿಯ ಊಟದ ಕೌಂಟರಿನಲ್ಲಿ ಕೂತು ಕಾಫಿ ಕೇಳಿದರು. ಕೊಡಲಿಲ್ಲ. ಅವರು ಏಳಲಿಲ್ಲ. ಮಾರನೆಯ ದಿನ ಇನ್ನಷ್ಟು ಜನ ಬಂದು ಕೂತರು. ಇದು ಊರೂರಿಗೆ ಹಬ್ಬಿತು. ಜುಲೈ 25ರಂದು ಅಂಗಡಿ ಸೋಲೊಪ್ಪಿಕೊಂಡಿತು. ಅಂದು ಆ ಕೌಂಟರಿನಲ್ಲಿ ಮೊದಲು ಕೂತು ಉಂಡ ಕಪ್ಪು ಜನ ಯಾರು ಗೊತ್ತಾ? ಅದೇ ಅಂಗಡಿಯ ಕೆಲಸಗಾರರು. ವರ್ಷಗಟ್ಟಲೆ ಅದೇ ಅಡುಗೆಮನೆಯಲ್ಲಿ ದುಡಿದ ಜಿನೀವಾ ಟಿಸ್ಡೇಲ್ ಅವರಲ್ಲಿ ಒಬ್ಬರು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಸಂಗತಿ ಇದು.

1964ರ ನಾಗರಿಕ ಹಕ್ಕುಗಳ ಕಾಯ್ದೆ ಹೋಟೆಲು, ರೆಸ್ಟೋರೆಂಟುಗಳಲ್ಲಿ ತಾರತಮ್ಯ ಮಾಡಬಾರದು ಅಂದಿತು. ನಮ್ಮ ಸಂವಿಧಾನದ 15ನೇ ವಿಧಿ 1950ರಲ್ಲೇ ಅಂಗಡಿ, ಹೋಟೆಲುಗಳ ಹೆಸರೆತ್ತಿ ಈ ಮಾತು ಹೇಳಿತ್ತು. ಅಮೆರಿಕದ ಸಂವಿಧಾನದಲ್ಲಿ ಅಂಥ ನೇರ ಮಾತಿಲ್ಲ. ಹಾಗಾಗಿ ಖಾಸಗಿ ಹೋಟೆಲಿಗೆ ಕೇಂದ್ರದ ಕಾನೂನು ಹೇಗೆ ಅನ್ವಯಿಸುತ್ತದೆ ಅನ್ನುವ ಪ್ರಶ್ನೆ ಎದ್ದಿತು. ಅಲಬಾಮಾದ ಬರ್ಮಿಂಗ್‌ಹ್ಯಾಮ್ ಊರಿನಲ್ಲಿದ್ದ ಆಲೀಸ್ ಬಾರ್ಬೆಕ್ಯೂ ಅನ್ನುವ ಹೋಟೆಲಿನ ಮಾಲೀಕರು ಕೋರ್ಟಿಗೆ ಹೋದರು. ಅಲ್ಲಿ 36 ಕೆಲಸಗಾರರು, ಮೂರರಲ್ಲಿ ಎರಡು ಪಾಲು ಕಪ್ಪು ಜನ. ಕಪ್ಪು ಗಿರಾಕಿಗೆ ಮಾತ್ರ ಪಾರ್ಸಲ್ಲೇ ಗತಿ.

ಸುಪ್ರೀಂ ಕೋರ್ಟ್ ನೋಡಿದ್ದು ಮಾಂಸದ ಲೆಕ್ಕವನ್ನು. ಹೋಟೆಲು ಹಿಂದಿನ ವರ್ಷ ಸುಮಾರು ಒಂದೂವರೆ ಲಕ್ಷ ಡಾಲರಿನ ಆಹಾರ ಪದಾರ್ಥ ಕೊಂಡಿತ್ತು. ಅದರಲ್ಲಿ ಶೇ. 46ರಷ್ಟು ಬೇರೆ ರಾಜ್ಯದಿಂದ ಬಂದ ಮಾಂಸ. ರಾಜ್ಯ ರಾಜ್ಯಗಳ ನಡುವಿನ ವ್ಯಾಪಾರಕ್ಕೆ ಕಾನೂನು ಮಾಡುವ ಅಧಿಕಾರ ಅಲ್ಲಿನ ಸಂಸತ್ತಿಗಿದೆ. ಕಪ್ಪು ಜನರನ್ನು ಹೊರಗಿಟ್ಟರೆ ಆ ವ್ಯಾಪಾರ ಕುಗ್ಗುತ್ತದೆ, ಆದ್ದರಿಂದ ಕಾಯ್ದೆ ಈ ಹೋಟೆಲಿಗೂ ಅನ್ವಯಿಸುತ್ತದೆ ಅಂತ ಕೋರ್ಟ್ 1964ರ ಡಿಸೆಂಬರಿನಲ್ಲಿ ಹೇಳಿತು.

2020ರಲ್ಲಿ ಮತ್ತೆ ಒಲೆ ಹೊತ್ತಿತು

2020ರ ಮೇ 25ರಂದು ಮಿನಿಯಾಪೊಲಿಸ್ ನಗರದಲ್ಲಿ ಪೊಲೀಸ್ ಅಧಿಕಾರಿಯೊಬ್ಬ ಜಾರ್ಜ್ ಫ್ಲಾಯ್ಡ್ ಅವರ ಕುತ್ತಿಗೆ ಮೇಲೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಮಂಡಿಯೂರಿದ. ಫ್ಲಾಯ್ಡ್ ಸತ್ತರು. ಅವರೂ ಒಂದು ರೆಸ್ಟೋರೆಂಟಿನಲ್ಲಿ ಸೆಕ್ಯುರಿಟಿ ಕೆಲಸದಲ್ಲಿದ್ದು, ಕೊರೊನಾ ಲಾಕ್‌ಡೌನಿನಿಂದ ಕೆಲಸ ಕಳೆದುಕೊಂಡಿದ್ದವರು. ಆ ಏಪ್ರಿಲ್ ಒಂದೇ ತಿಂಗಳಲ್ಲಿ ಅಮೆರಿಕದ ರೆಸ್ಟೋರೆಂಟು, ಬಾರುಗಳಲ್ಲಿ 50 ಲಕ್ಷಕ್ಕೂ ಹೆಚ್ಚು ಕೆಲಸಗಳು ಹೋಗಿದ್ದವು.

ಅದೇ ನಗರದಲ್ಲಿ ಬಾಂಗ್ಲಾದೇಶದಿಂದ ಬಂದ ರುಹೇಲ್ ಇಸ್ಲಾಂ ಅವರ ಗಾಂಧಿ ಮಹಲ್ ರೆಸ್ಟೋರೆಂಟ್ ಇತ್ತು. ಪ್ರತಿಭಟನೆಯಲ್ಲಿ ಗಾಯಗೊಂಡವರ ಆರೈಕೆಗೆ ಅವರು ಜಾಗ ಬಿಟ್ಟುಕೊಟ್ಟರು. ಕೆಲವೇ ದಿನದಲ್ಲಿ ಗಲಭೆಯ ಬೆಂಕಿ ಆ ಹೋಟೆಲನ್ನೂ ಸುಟ್ಟಿತು. ಕಟ್ಟಡ ಹೋದರೆ ಹೋಗಲಿ, ನ್ಯಾಯ ಸಿಗಬೇಕು ಅಂತ ಅವರು ಹೇಳಿದ್ದು ದೊಡ್ಡ ಸುದ್ದಿಯಾಯಿತು.

ವಾಷಿಂಗ್ಟನ್ ಡಿ.ಸಿ.ಯಲ್ಲಿ ಪೌಲಾ ವೆಲೆಸ್, ವಿಲ್ಲಾ ಪೆಲಿನಿ, ರಾಬ್ ರೂಬಾ ಅನ್ನುವ ಮೂವರು ಬಾಣಸಿಗರು 'ಬೇಕರ್ಸ್ ಅಗೇನ್ಸ್ಟ್ ರೇಸಿಸಂ' ಶುರು ಮಾಡಿದರು. ಲೆಕ್ಕ ಸರಳ: 80 ಬೇಕರುಗಳು, ತಲಾ 150 ತಿಂಡಿ. ಮುಂಗಡ ಆರ್ಡರ್ ತಗೊಳ್ಳುವುದು, ಬೇಯಿಸುವುದು, ಗಿರಾಕಿ ಬಂದು ಒಯ್ಯುವುದು. ಹಣ ಯಾವ ಸಂಸ್ಥೆಗೆ ಅನ್ನುವುದು ಆಯಾ ಬೇಕರಿನವರ ಆಯ್ಕೆ. ಹಲವರು ಜಾಮೀನು ನಿಧಿಗಳಿಗೆ ಕಳಿಸಿದರು. ಪೋಸ್ಟರು, ಸೂಚನೆ ಎಲ್ಲವನ್ನೂ ಇಂಟರ್‌ನೆಟ್ಟಿನಲ್ಲಿ ಹಂಚಿದರು. ಕೊನೆಗೆ ಸೇರಿದವರು 2,000ಕ್ಕೂ ಹೆಚ್ಚು, ಬೇರೆ ದೇಶದವರೂ ಇದ್ದರು. ಕೂಡಿದ ಹಣ 19 ಲಕ್ಷ ಡಾಲರಿನ ಹತ್ತಿರ.

ಇಲ್ಲೂ ಬೇಕರಿ ತಿಂಡಿಯೇ ಯಾಕೆ? ಕೇಕ್, ಬ್ರೆಡ್, ಬಿಸ್ಕತ್ತಿನಂಥ ಬೇಗ ಕೆಡದ ತಿಂಡಿಯನ್ನು ಮನೆಯಲ್ಲೇ ಮಾಡಿ ಮಾರಲು ಬಹುತೇಕ ರಾಜ್ಯಗಳ ಕಾನೂನು ಬಿಡುತ್ತದೆ. ಹಾಗಾಗಿ ಕೆಲಸ ಕಳೆದುಕೊಂಡು ಮನೆಯಲ್ಲಿದ್ದವರೂ ಕೈಜೋಡಿಸಬಹುದಿತ್ತು.

ಬಿಯರ್ ಮಾಡುವವರೂ ಸುಮ್ನೆ ಕೂರಲಿಲ್ಲ. ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ವೆದರ್ಡ್ ಸೋಲ್ಸ್ ಬ್ರೂವರಿಯ ಮಾರ್ಕಸ್ ಬ್ಯಾಸ್ಕರ್‌ವಿಲ್ 'ಬ್ಲ್ಯಾಕ್ ಈಸ್ ಬ್ಯೂಟಿಫುಲ್' ಅನ್ನುವ ಕಪ್ಪು ಸ್ಟೌಟ್ ಬಿಯರಿನ ಅಳತೆ, ವಿಧಾನ, ಲೇಬಲ್ಲನ್ನು ಎಲ್ಲರಿಗೂ ಬಿಟ್ಟುಕೊಟ್ಟರು. ಯಾರು ಬೇಕಾದರೂ ಮಾಡಿ ಮಾರಬಹುದು, ಬಂದ ಹಣ ತಮ್ಮೂರಿನ ಪೊಲೀಸ್ ಸುಧಾರಣೆ, ಕಾನೂನು ನೆರವಿಗೆ ದುಡಿಯುವ ಸಂಸ್ಥೆಗೆ ಹೋಗಬೇಕು. ಸಾವಿರಕ್ಕೂ ಹೆಚ್ಚು ಬ್ರೂವರಿಗಳು ಅದನ್ನು ತಯಾರಿಸಿದವು.

ಇಷ್ಟರಿಂದ ಎಷ್ಟಾಗುತ್ತದೆ?

ಕೇಕ್ ಮಾರಿದರೆ ಕಾನೂನು ತಾನಾಗಿ ಬದಲಾಗುವುದಿಲ್ಲ. ಮಾಂಟ್ಗೊಮೆರಿಯಲ್ಲಿ ಬಸ್ಸಿನ ನಿಯಮ ಹೋದದ್ದು ಕೋರ್ಟಿನಿಂದ. ಆದರೆ ತೀರ್ಪು ಬರುವವರೆಗೆ ಜನ ಒಂದು ವರ್ಷ ತಾಳಿಕೊಳ್ಳಬೇಕಿತ್ತಲ್ಲ, ಆ ತಾಳಿಕೆಗೆ ಬೇಕಾದ ಹಣದಲ್ಲಿ ಒಂದು ಪಾಲು ಒಲೆಗಳಿಂದ ಬಂತು. ಈಗ ಇಂಥ ಚೀಟಿ ಕಂಡರೆ ಕೇಳಬೇಕಾದ ಪ್ರಶ್ನೆಗಳೂ ಸರಳ: ಪೂರ್ತಿ ಹಣವೋ, ಲಾಭದ ಪಾಲೋ? ಯಾವ ಸಂಸ್ಥೆಗೆ? ತಿಂಡಿ ಮಾಡಿದವರಿಗೆ ಕೂಲಿ ಕೊಟ್ಟಿದ್ದಾರಾ?

ಕೊನೆಯ ಪ್ರಶ್ನೆ ಸುಮ್ನೆ ಕೇಳಿದ್ದಲ್ಲ. ಟಿಪ್ಸ್ ಪಡೆಯುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಬೇಕಾದ ಕನಿಷ್ಠ ಕೂಲಿ ಕೇಂದ್ರದ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್. ಇದು 1991ರಿಂದ ಏರಿಲ್ಲ. ಟಿಪ್ಸ್ ಸೇರಿಸಿಯೂ ಉಳಿದ ಕೆಲಸಗಾರರ ಕನಿಷ್ಠ ಕೂಲಿಯಾದ 7.25 ಡಾಲರ್ ಆಗದಿದ್ದರೆ ಉಳಿದದ್ದನ್ನು ಮಾಲೀಕ ತುಂಬಿಕೊಡಬೇಕು. ಕ್ಯಾಲಿಫೋರ್ನಿಯಾ, ವಾಷಿಂಗ್ಟನ್, ಮಿನ್ನೆಸೋಟಾ ಸೇರಿ ಏಳು ರಾಜ್ಯಗಳು ಈ ಪದ್ಧತಿ ಬಿಟ್ಟು, ಟಿಪ್ಸ್ ಬಂದರೂ ಬರದಿದ್ದರೂ ಪೂರ್ತಿ ಕನಿಷ್ಠ ಕೂಲಿ ಕೊಡಬೇಕು ಅಂತ ನಿಯಮ ಮಾಡಿಕೊಂಡಿವೆ. ಅಲಬಾಮಾ ತನ್ನದೇ ಆದ ಕನಿಷ್ಠ ಕೂಲಿ ಕಾನೂನನ್ನು ಮಾಡಿಕೊಂಡೇ ಇಲ್ಲ. ಹಾಗಾಗಿ ಮಾಂಟ್ಗೊಮೆರಿಯ ಹೋಟೆಲುಗಳಲ್ಲಿ ಬಡಿಸುವವರಿಗೆ ಅನ್ವಯಿಸುವುದು ಅದೇ 2.13 ಡಾಲರ್.